ಒಂದು ದೀಪದಿಂದ ನಾಲ್ಕು ಮಗ್ಗದವರೆಗೆ: ಬೆಂಗಳೂರು ಗ್ರಾಮಾಂತರದ ಮನೆಗಳಲ್ಲಿ ವಿದ್ಯುತ್ ಹೊರೆಯ ಚರಿತ್ರೆ

ಕರ್ನಾಟಕದ ವಿದ್ಯುತ್ತಿನ ಚರಿತ್ರೆಯನ್ನು ಸಾಮಾನ್ಯವಾಗಿ ಜಲಪಾತ ಮತ್ತು ಅಣೆಕಟ್ಟುಗಳ ಕಡೆಯಿಂದ ಬರೆಯಲಾಗುತ್ತದೆ. ಶಿವನಸಮುದ್ರ, ಶಿಂಷಾ, ಜೋಗ, ಶರಾವತಿ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಅದೇ ವಿದ್ಯುತ್ತು ಮನೆಯ ಗೋಡೆಯನ್ನು ದಾಟಿ ಒಳಗೆ ಬಂದ ಮೇಲೆ ಎಂಥ ತಂತಿಯಲ್ಲಿ ಹರಿಯಿತು, ಎಷ್ಟು ಉಪಕರಣಗಳ ಭಾರ ಹೊತ್ತಿತು, ಆ ಭಾರದ ಲೆಕ್ಕವನ್ನು ಮನೆಯವರು ಹೇಗೆ ಕಲಿತರು ಎಂಬ ವಿಚಾರಗಳು ಅಷ್ಟಾಗಿ ದಾಖಲಾಗಿಲ್ಲ. ಈ ಎರಡನೆಯ ಚರಿತ್ರೆಯನ್ನು ಅರಿಯಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು ಸೂಕ್ತವಾದ ಕ್ಷೇತ್ರ. ಏಕೆಂದರೆ ಇಲ್ಲಿನ ಮನೆ ವಾಸಸ್ಥಳವಷ್ಟೇ ಆಗಿರದೆ ಹಲವೆಡೆ ಮಗ್ಗದ ಕಾರ್ಖಾನೆಯೂ ರೇಷ್ಮೆಹುಳುವಿನ ಸಾಕಣೆಯ ತಾಣವೂ ಆಗಿತ್ತು, ಅದರ ಹಿತ್ತಲಿನಾಚೆಯ ಬಾವಿಯಲ್ಲಿ ನೀರೆತ್ತುವ ಮೋಟಾರೂ ಇರುತ್ತಿತ್ತು. ದುಡಿಮೆಯೂ ಬದುಕೂ ಒಂದೇ ಸೂರಿನಡಿ ಇದ್ದ ಇಂಥ ಮನೆಗಳಲ್ಲಿ ವಿದ್ಯುತ್ತಿನ ಹೊರೆ ಎಂಬುದು ಅನ್ನದ ಪ್ರಶ್ನೆಯಾಗಿ ಬೆಳೆಯಿತು.

ಶಿವನಸಮುದ್ರದಿಂದ ಹೊರಟ ತಂತಿ

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಪೂರ್ಣಗೊಂಡು, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳ ಸಾಲಿಗೆ ಅದು ಸೇರಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಗಣಿಗೆ ಮೊದಲು, ನಗರಕ್ಕೆ ಆಮೇಲೆ ಎಂಬ ಈ ಕ್ರಮದಲ್ಲಿ ಹಳ್ಳಿಯ ಸರದಿ ಬಹಳ ಹಿಂದಿತ್ತು. ನಗರದ ಸುತ್ತಣ ಊರುಗಳು ಮುಂದಿನ ಹಲವು ದಶಕಗಳ ಕಾಲ ಹೊಂಗೆಯೆಣ್ಣೆ, ಹರಳೆಣ್ಣೆ ಮತ್ತು ಸೀಮೆಎಣ್ಣೆಯ ಬೆಳಕಿನಲ್ಲೇ ರಾತ್ರಿ ಕಳೆದವು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಅವಧಿಯಲ್ಲಿ ಸಂಸ್ಥಾನದ ಸಣ್ಣ ಪಟ್ಟಣಗಳಿಗೂ ಹಳ್ಳಿಗಳಿಗೂ ವಿದ್ಯುತ್ ವಿಸ್ತರಿಸುವ ಕೆಲಸಕ್ಕೆ ಒತ್ತು ದೊರೆಯಿತು. ಅದಕ್ಕೆ ಬೇಕಾದ ಸಾಮಗ್ರಿಯನ್ನು ನಾಡಿನಲ್ಲೇ ತಯಾರಿಸಬೇಕೆಂಬ ಉದ್ದೇಶದಿಂದ ಪಿಂಗಾಣಿಯ ಇನ್ಸುಲೇಟರ್‌ಗಳ ಕಾರ್ಖಾನೆ, ಟ್ರಾನ್ಸ್‌ಫಾರ್ಮರ್ ಮಾಡುವ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ಮತ್ತು ಬಲ್ಬು ಮಾಡುವ ಮೈಸೂರು ಲ್ಯಾಂಪ್ಸ್ 1930ರ ದಶಕದಲ್ಲೇ ಬೆಂಗಳೂರಿನಲ್ಲಿ ತಲೆಯೆತ್ತಿದವು; 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯೂ ಆಮೇಲಿನ ಎನ್‌ಜಿಇಎಫ್ ಕಾರ್ಖಾನೆಯೂ ಇದೇ ನಗರದಲ್ಲಿ ಮೋಟಾರುಗಳನ್ನು ತಯಾರಿಸಿದವು. ಕಂಬದ ಮೇಲಿನ ಪಿಂಗಾಣಿಯಿಂದ ಹಿಡಿದು ತೋಟದ ಮೋಟಾರಿನವರೆಗೆ ವಿದ್ಯುತ್ತಿನ ಸಾಮಾನು ತಯಾರಾಗುವ ನಗರ ಕೂಗಳತೆಯಲ್ಲಿ ಇದ್ದದ್ದು ಈ ತಾಲ್ಲೂಕುಗಳಿಗೆ ದೊರೆತ ವಿಶೇಷ ಅನುಕೂಲ.

1957ರ ಅಕ್ಟೋಬರಿನಲ್ಲಿ ಸ್ಥಾಪನೆಗೊಂಡ ವಿದ್ಯುಚ್ಛಕ್ತಿ ಮಂಡಳಿ, ಜನರ ಬಾಯಲ್ಲಿ ಮುಂದೆ ಕೆಇಬಿ ಎಂದೇ ನಿಂತದ್ದು, ಹಳ್ಳಿಗಳಿಗೆ ಕಂಬ ನೆಡುವ ಕಾರ್ಯವನ್ನು ವ್ಯಾಪಕಗೊಳಿಸಿತು. 1969ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಗ್ರಾಮೀಣ ವಿದ್ಯುದೀಕರಣ ನಿಗಮದ ಸಾಲ ಮತ್ತು ಶರಾವತಿಯ ಹೊಸ ಉತ್ಪಾದನೆ ಎರಡೂ ಅದಕ್ಕೆ ಬಲ ತಂದವು. ಆದರೂ ಆ ಕಾಲದಲ್ಲಿ ಹಳ್ಳಿಯ ಮನೆಗೆ ಕರೆಂಟು ಬರುವುದೆಂದರೆ ದೀಪ ಬರುವುದು ಎಂದೇ ಅರ್ಥವಾಗಿತ್ತು. ವೈರಿಂಗಿನ ಅಂದಾಜೂ ಅಷ್ಟಕ್ಕೇ ಸೀಮಿತವಾಗಿತ್ತು.

ಬೆಳಕಿನ ಕಾಲದ ವೈರಿಂಗು

ಮನೆಯ ವಿದ್ಯುತ್ ವ್ಯವಸ್ಥೆಯನ್ನು ತಿಳಿಯಲು ಮೂರು ಅಳತೆಗಳ ಪರಿಚಯ ಸಾಕು. ತಂತಿಯಲ್ಲಿ ವಿದ್ಯುತ್ತನ್ನು ದೂಡುವ ಒತ್ತಡವನ್ನು ವೋಲ್ಟ್‌ಗಳಲ್ಲಿ, ಹರಿಯುವ ಪ್ರವಾಹವನ್ನು ಆಂಪಿಯರ್‌ಗಳಲ್ಲಿ, ಉಪಕರಣವು ಶಕ್ತಿಯನ್ನು ಬಳಸುವ ವೇಗವನ್ನು ವ್ಯಾಟ್‌ಗಳಲ್ಲಿ ಅಳೆಯಲಾಗುತ್ತದೆ. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಮೀಟರಿನಲ್ಲಿ ಒಂದು ಯೂನಿಟ್ ಏರುತ್ತದೆ. ಮನೆಗೆ ಬರುವ ಎರಡು ತಂತಿಗಳಲ್ಲಿ ಫೇಸ್ ಎಂಬುದು ವಿದ್ಯುತ್ತನ್ನು ತರುವ ದಾರಿ, ನ್ಯೂಟ್ರಲ್ ಎಂಬುದು ಅದು ಮರಳುವ ದಾರಿ; ಇವೆರಡರ ನಡುವಿನ ಒತ್ತಡ ನಮ್ಮ ಮನೆಗಳಲ್ಲಿ ಸುಮಾರು 230 ವೋಲ್ಟ್. ಫೇಸಿನಿಂದ ಹೊರಟು ಸ್ವಿಚ್ಚು ಮತ್ತು ಉಪಕರಣಗಳ ಮೂಲಕ ನ್ಯೂಟ್ರಲ್‌ಗೆ ಸೇರುವ ಈ ಮುಚ್ಚಿದ ಹಾದಿಗೇ ಸರ್ಕ್ಯೂಟ್ ಎಂದು ಹೆಸರು. ಒಂದು ಸರ್ಕ್ಯೂಟಿನಲ್ಲಿರುವ ಉಪಕರಣಗಳ ಒಟ್ಟು ವ್ಯಾಟನ್ನು 230ರಿಂದ ಭಾಗಿಸಿದರೆ ಅದರ ತಂತಿಯ ಮೇಲೆ ಬೀಳುವ ಪ್ರವಾಹ ಸ್ಥೂಲವಾಗಿ ಸಿಗುತ್ತದೆ.

ಹಳೆಯ ಹೆಂಚಿನ ಮನೆಗಳಲ್ಲಿ ಗೋಡೆಯ ಮೇಲೆ ತೇಗದ ಪಟ್ಟಿ ಹೊಡೆದು, ಅದರ ಮೇಲೆ ರಬ್ಬರು ಹೊದಿಕೆಯ ತಂತಿಯನ್ನು ತಗಡಿನ ಕ್ಲಿಪ್ಪುಗಳಿಂದ ಕೂರಿಸುವುದು ರೂಢಿಯಾಗಿತ್ತು. ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ಮೀಟರು, ಅದರ ಕೆಳಗೆ ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್ಚು, ಅದರ ಪಕ್ಕ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು ಇರುತ್ತಿದ್ದವು. ಫ್ಯೂಸಿನೊಳಗೆ ಎರಡು ಹಿತ್ತಾಳೆಯ ತಿರುಪುಗಳ ನಡುವೆ ಕೂದಲೆಳೆಯಂಥ ತವರ ಲೇಪಿತ ತಾಮ್ರದ ತಂತಿಯನ್ನು ಬಿಗಿಯಲಾಗುತ್ತಿತ್ತು. ನಿಗದಿಗಿಂತ ಹೆಚ್ಚು ಪ್ರವಾಹ ಹರಿದಾಗ ಆ ಎಳೆ ಮೊದಲು ಕರಗಿ, ಗೋಡೆಯ ಮೇಲಿನ ತಂತಿ ಸುಡದಂತೆ ಕಾಯುತ್ತಿತ್ತು. ಬೆಳಕಿಗಾಗಿ ಹಾಕಿದ ಒಂದು ಸರ್ಕ್ಯೂಟಿಗೆ ಹೆಚ್ಚೆಂದರೆ ಹತ್ತು ಪಾಯಿಂಟು ಅಥವಾ 800 ವ್ಯಾಟ್ ಎಂಬುದು ಭಾರತದಲ್ಲಿ ಬಹುಕಾಲ ನಡೆದುಬಂದ ಮಿತಿ. ಇದು ಮೂರೂವರೆ ಆಂಪಿಯರ್‌ಗಳಷ್ಟಾಗುವುದರಿಂದ 5 ಆಂಪಿಯರ್‌ನ ಫ್ಯೂಸು ಸಾಕಾಗುತ್ತಿತ್ತು. ಮೂರು ಬಲ್ಬು ಮತ್ತು ಒಂದು ರೇಡಿಯೋ ಇದ್ದ ಮನೆ ಈ ಮಿತಿಯ ಕಾಲುಭಾಗವನ್ನೂ ಮುಟ್ಟುತ್ತಿರಲಿಲ್ಲ.

1980ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಭಾಗ್ಯಜ್ಯೋತಿ ಯೋಜನೆಯು ಈ ಬೆಳಕಿನ ಕಾಲದ ಅಂದಾಜನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬಡವರ ಮನೆಗೆ 40 ವ್ಯಾಟ್‌ನ ಒಂದು ದೀಪ ಎಂಬುದು ಅದರ ಮೂಲ ಕಲ್ಪನೆಯಾಗಿತ್ತು. ಈ ವರ್ಗಕ್ಕೆ ತಿಂಗಳಿಗೆ 18 ಯೂನಿಟ್ ಎಂಬ ಮಿತಿ ಬಹುಕಾಲ ಇತ್ತು. 40 ವ್ಯಾಟ್‌ನ ಬಲ್ಬು ದಿನಕ್ಕೆ 15 ಗಂಟೆಯಂತೆ 30 ದಿನ ಉರಿದರೆ ಬರುವ ಲೆಕ್ಕವೂ ಸರಿಯಾಗಿ 18 ಯೂನಿಟ್ಟೇ. ದೀಪಕ್ಕೆ ಇದು ಧಾರಾಳವಾಗಿತ್ತು, ಆದರೆ ಟಿವಿ ಮತ್ತು ಮಿಕ್ಸಿಗಳಿಗೆ ಇದರಲ್ಲಿ ಎಡೆಯಿರಲಿಲ್ಲ. ಎರಡನೆಯ ಪಾಯಿಂಟು ಹಾಕಿಸಿಕೊಂಡ ಅಥವಾ 18 ಯೂನಿಟ್ ಮೀರಿದ ಮನೆಯನ್ನು ಸಾಮಾನ್ಯ ಗೃಹಬಳಕೆಯ ದರಪಟ್ಟಿಗೆ ಸೇರಿಸುವ ನಿಯಮವಿತ್ತು. ಬಡ ಕುಟುಂಬವೊಂದು ಒಂದು ಮೆಟ್ಟಿಲು ಮೇಲೇರಿದ ಗಳಿಗೆಯಲ್ಲೇ ಅದರ ಬಿಲ್ಲೂ ಏರುತ್ತಿತ್ತು. 2017ರಲ್ಲಿ ಈ ಮಿತಿಯನ್ನು 40 ಯೂನಿಟ್‌ಗೆ ಹೆಚ್ಚಿಸಿದ್ದು, ಬಡವರ ಮನೆಯೂ ಬೆಳಕನ್ನು ದಾಟಿ ಮುಂದೆ ಬಂದಿದೆಯೆಂಬುದನ್ನು ಆಡಳಿತವು ಒಪ್ಪಿಕೊಂಡದ್ದರ ಗುರುತು.

ಮಗ್ಗದ ಮನೆ

ದೊಡ್ಡಬಳ್ಳಾಪುರದಲ್ಲಿ ಈ ಬೆಳಕಿನ ಅಂದಾಜು ಬೇಗನೆ ಮುರಿದುಬಿತ್ತು. ದೇವಾಂಗ, ಪದ್ಮಶಾಲಿ, ತೊಗಟ ಮುಂತಾದ ನೇಕಾರ ಸಮುದಾಯಗಳು ನೆಲೆಸಿದ್ದ ಈ ಊರಿನಲ್ಲಿ ಕೈಮಗ್ಗವು ಮನೆಯ ನಡುಮನೆಯಲ್ಲೇ ಇತ್ತು. ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನ ಕೈಕಾಲುಗಳೇ ಅದಕ್ಕೆ ಶಕ್ತಿ ಕೊಡುತ್ತಿದ್ದವು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕೈಮಗ್ಗದ ಜಾಗವನ್ನು ವಿದ್ಯುತ್ ಮಗ್ಗಗಳು ಕ್ರಮೇಣ ಆಕ್ರಮಿಸಿಕೊಂಡು, ರೇಷ್ಮೆ ಮತ್ತು ಕೃತಕ ರೇಷ್ಮೆಯ ಸೀರೆಗಳಿಗೆ ಊರು ಹೆಸರಾಯಿತು. ಆದರೂ ಮಗ್ಗ ಮನೆಯನ್ನು ಬಿಟ್ಟು ಹೋಗಲಿಲ್ಲ. ಎರಡೋ ನಾಲ್ಕೋ ಮಗ್ಗಗಳನ್ನು ಮನೆಯ ಒಂದು ಭಾಗದಲ್ಲಿ ಹಾಕಿಕೊಂಡು, ಮನೆಮಂದಿಯೆಲ್ಲ ಸೇರಿ ಕಂಡಿಕೆ ಸುತ್ತಿ, ಹಾಸು ಹೂಡಿ, ಎಳೆ ಹರಿದಾಗ ಗಂಟುಹಾಕಿ ದುಡಿಯುವ ಪದ್ಧತಿಯೇ ಮುಂದುವರಿಯಿತು.

ಇಂಥ ಮನೆಯ ಹೊರೆಯನ್ನು ಲೆಕ್ಕ ಹಾಕಿ ನೋಡುವುದು ಉಪಯುಕ್ತ. ಮೋಟಾರಿನ ಶಕ್ತಿಯನ್ನು ಅಳೆಯುವ ಒಂದು ಎಚ್‌ಪಿ, ಅಂದರೆ ಒಂದು ಅಶ್ವಶಕ್ತಿ, 746 ವ್ಯಾಟ್‌ಗೆ ಸಮ; ಮಗ್ಗಕ್ಕೆ ಅರ್ಧ ಎಚ್‌ಪಿಯ ಮೋಟಾರು ಎಂದಿಟ್ಟುಕೊಂಡರೆ ಅದು ಮಗ್ಗಕ್ಕೆ ಕೊಡುವ ಶಕ್ತಿ 373 ವ್ಯಾಟ್. ಮೋಟಾರು ಪಡೆದ ವಿದ್ಯುತ್ತಿನಲ್ಲಿ ಒಂದು ಪಾಲು ಬಿಸಿಯಾಗಿ ಕಳೆದುಹೋಗುವುದರಿಂದ, ನೂರಕ್ಕೆ ಎಪ್ಪತ್ತರಷ್ಟು ದಕ್ಷತೆಯ ಸಣ್ಣ ಮೋಟಾರು ಈ ಕೆಲಸಕ್ಕೆ ಸುಮಾರು 530 ವ್ಯಾಟ್ ಎಳೆಯುತ್ತದೆ. ನಾಲ್ಕು ಮಗ್ಗಕ್ಕೆ ಇದು 2,100 ವ್ಯಾಟ್ ದಾಟುತ್ತದೆ. ಅಂದರೆ ಒಂದೇ ನೇಕಾರ ಮನೆಯ ದುಡಿಮೆಯ ಹೊರೆ ಐವತ್ತಕ್ಕೂ ಹೆಚ್ಚು ಭಾಗ್ಯಜ್ಯೋತಿ ದೀಪಗಳ ಹೊರೆಗೆ ಸಮ. ಪೂರ್ತಿ ಹೊರೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಮಗ್ಗ ಓಡಿದರೆ ಮೀಟರು ಇಪ್ಪತ್ತೈದು ಯೂನಿಟ್ ತೋರಿಸುತ್ತದೆ.

ಮೋಟಾರು ಬಲ್ಬಿನಂತೆ ಸರಳವಾದ ಹೊರೆಯೂ ಅಲ್ಲ. ನಿಂತಿದ್ದ ಇಂಡಕ್ಷನ್ ಮೋಟಾರು ತಿರುಗಲು ತೊಡಗುವ ಕ್ಷಣದಲ್ಲಿ, ಓಡುವಾಗ ಬೇಕಾಗುವ ಪ್ರವಾಹದ ಐದಾರು ಪಟ್ಟನ್ನು ಸೆಳೆಯುತ್ತದೆ. ಅದೇ ಮಾರ್ಗದಲ್ಲಿರುವ ಮನೆಯ ದೀಪ ಆ ಕ್ಷಣ ಮಂಕಾಗಿ ಮತ್ತೆ ಚೇತರಿಸಿಕೊಳ್ಳುವುದು ಇದರಿಂದಲೇ. ನಾಲ್ಕೂ ಮೋಟಾರುಗಳನ್ನು ಒಟ್ಟಿಗೆ ಚಾಲೂ ಮಾಡಿದರೆ ಫ್ಯೂಸು ಹಾರುತ್ತದೆಂಬುದನ್ನೂ, ಒಂದು ವೇಗ ಹಿಡಿದ ಮೇಲೆ ಇನ್ನೊಂದನ್ನು ಹಾಕಬೇಕೆಂಬುದನ್ನೂ ನೇಕಾರರು ಕಸುಬಿನ ಭಾಗವಾಗಿ ಅರಿತುಕೊಂಡರು. ಮೋಟಾರು ತನ್ನೊಳಗೆ ಕಾಂತಕ್ಷೇತ್ರವನ್ನು ಉಂಟುಮಾಡಲು ಹೆಚ್ಚುವರಿ ಪ್ರವಾಹವನ್ನು ಎಳೆಯುತ್ತದೆ. ಈ ಪ್ರವಾಹ ಕೆಲಸ ಮಾಡದೆ ತಂತಿಯನ್ನು ಮಾತ್ರ ತುಂಬುತ್ತದೆ. ಹರಿದ ಪ್ರವಾಹದಲ್ಲಿ ಕೆಲಸಕ್ಕೆ ಬಂದ ಪಾಲನ್ನು ಸೂಚಿಸುವ ಪವರ್ ಫ್ಯಾಕ್ಟರ್ ಎಂಬ ಅಳತೆಯೂ, ಅದನ್ನು ಸುಧಾರಿಸಲು ಮೋಟಾರಿನ ಪಕ್ಕ ಕೂರಿಸುವ ಕೆಪಾಸಿಟರ್ ಎಂಬ ಡಬ್ಬಿಯೂ ಶಾಲೆಯ ಪಾಠಕ್ಕಿಂತ ಮೊದಲು ಮಗ್ಗದ ಮನೆಗಳಲ್ಲಿ ಪರಿಚಿತವಾದವು.

ಮಗ್ಗದ ಸಂಪರ್ಕ ಕೈಗಾರಿಕಾ ದರಪಟ್ಟಿಗೂ ಮನೆಯ ಸಂಪರ್ಕ ಗೃಹಬಳಕೆಯ ದರಪಟ್ಟಿಗೂ ಸೇರುವುದರಿಂದ ಒಂದೇ ಮನೆಗೆ ಎರಡು ಮೀಟರು, ಎರಡು ಆರ್.ಆರ್. ನಂಬರು ಇರುವುದು ನೇಕಾರ ಕೇರಿಗಳಲ್ಲಿ ಸಾಮಾನ್ಯವಾಯಿತು. ಗ್ರಾಹಕನನ್ನು ಗುರುತಿಸುವ ದಾಖಲೆ ಸಂಖ್ಯೆಯೇ ಈ ಆರ್.ಆರ್. ನಂಬರು. ಕೆಲವು ಗಜಗಳ ಅಂತರದಲ್ಲಿ ನಡೆಯುವ ಅಡುಗೆ ಮತ್ತು ನೇಯ್ಗೆಗಳನ್ನು ಹೀಗೆ ಎರಡು ಲೆಕ್ಕಗಳಾಗಿ ಬೇರ್ಪಡಿಸಿದ್ದರಿಂದ ಮಂಜೂರಾದ ಲೋಡು ಎಂಬ ಕಲ್ಪನೆ, ಅಂದರೆ ಇಂತಿಷ್ಟು ಕಿಲೋವ್ಯಾಟ್ ಅಥವಾ ಎಚ್‌ಪಿಯವರೆಗೆ ಮಾತ್ರ ಸಂಪರ್ಕ ಜೋಡಿಸಬಹುದೆಂಬ ಒಪ್ಪಂದ, ನೇಕಾರನ ಬದುಕಿನಲ್ಲಿ ತೂಕದ ವಿಷಯವಾಯಿತು. ದರದ ರಿಯಾಯಿತಿಗಳು ಕೂಡ ಎಚ್‌ಪಿಯ ಆಧಾರದಲ್ಲೇ ನಿಗದಿಯಾದವು. 2023ರಲ್ಲಿ ರಾಜ್ಯ ಸರ್ಕಾರವು 10 ಎಚ್‌ಪಿವರೆಗಿನ ವಿದ್ಯುತ್ ಮಗ್ಗದ ಘಟಕಗಳಿಗೆ ಉಚಿತ ವಿದ್ಯುತ್ತನ್ನು ಪ್ರಕಟಿಸಿದಾಗಲೂ ಅಳತೆಗೋಲು ಅದೇ ಆಗಿತ್ತು.

ಬಾವಿಯಿಂದ ಕೊಳವೆಬಾವಿಗೆ

ನದಿಯ ನೀರಾವರಿ ಇಲ್ಲದ ಈ ಜಿಲ್ಲೆಯಲ್ಲಿ ಎರಡನೆಯ ದೊಡ್ಡ ಹೊರೆ ನೀರಿನದು. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ನದಿಗಳಾಗಿ ಉಳಿಯಲಿಲ್ಲ. ಬೇಸಾಯ ಕೆರೆ ಮತ್ತು ತೆರೆದ ಬಾವಿಗಳನ್ನೇ ನಂಬಿತ್ತು. ಎತ್ತುಗಳಿಂದ ನೀರೆತ್ತುವ ಕಪಿಲೆಯ ಜಾಗಕ್ಕೆ ಮೋಟಾರು ಬಂದಾಗ ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳು, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡು ಮಾರುಕಟ್ಟೆಯನ್ನು ನಂಬಿದ ಹಿಪ್ಪುನೇರಳೆ ತೋಟಗಳು, ಹೊಸಕೋಟೆಯ ತರಕಾರಿ ಬೆಳೆ ಎಲ್ಲವೂ ತಂತಿಗೆ ಜೋತುಕೊಂಡವು. ಅಂತರ್ಜಲ ಕೆಳಗಿಳಿದಂತೆ ತೆರೆದ ಬಾವಿಯನ್ನು ಕೊಳವೆಬಾವಿ ಹಿಂದಿಕ್ಕಿತು, ನೀರನ್ನು ಹೆಚ್ಚು ಆಳದಿಂದ ಎತ್ತಲು ಹೆಚ್ಚು ಎಚ್‌ಪಿಯ ಮೋಟಾರು ಬೇಕಾಯಿತು.

ಇದರ ಭಾರ ಮೊದಲು ಕಾಣಿಸುವುದು ಟಿ.ಸಿ. ಎಂದು ಎಲ್ಲರೂ ಕರೆಯುವ ಟ್ರಾನ್ಸ್‌ಫಾರ್ಮರಿನಲ್ಲಿ. 11,000 ವೋಲ್ಟ್‌ನ ಮಾರ್ಗದಿಂದ ಮನೆ ಮತ್ತು ಪಂಪ್‌ಸೆಟ್ಟುಗಳಿಗೆ ಬೇಕಾದ ಒತ್ತಡಕ್ಕೆ ವಿದ್ಯುತ್ತನ್ನು ಇಳಿಸುವ ಈ ಪೆಟ್ಟಿಗೆಗಳು ಹಳ್ಳಿಗಳಲ್ಲಿ ಸಾಮಾನ್ಯವಾಗಿ 25, 63 ಅಥವಾ 100 ಕೆವಿಎ ಸಾಮರ್ಥ್ಯದವು. ಕೆಲಸಕ್ಕೆ ಬರುವ ಮತ್ತು ಬಾರದ ಪ್ರವಾಹಗಳೆರಡನ್ನೂ ಸೇರಿಸಿ ಅಳೆಯುವ ಮಾನವೇ ಕೆವಿಎ. ನೂರಕ್ಕೆ ಎಂಬತ್ತರಷ್ಟು ದಕ್ಷತೆಯೂ 0.8ರ ಪವರ್ ಫ್ಯಾಕ್ಟರೂ ಇರುವ 5 ಎಚ್‌ಪಿಯ ಪಂಪಿಗೆ ಸುಮಾರು 5.8 ಕೆವಿಎ ಬೇಕಾಗುವುದರಿಂದ, ನಾಲ್ಕು ಪಂಪುಗಳಿಗೆ 25 ಕೆವಿಎಯ ಟಿ.ಸಿ. ಹೆಚ್ಚುಕಡಿಮೆ ತುಂಬಿಹೋಗುತ್ತದೆ, ಅವೇ ಪಂಪುಗಳು 10 ಎಚ್‌ಪಿಗೆ ಏರಿದರೆ ಎರಡಕ್ಕಷ್ಟೇ ಅದರಲ್ಲಿ ಜಾಗ. ಮೀರಿದ ಹೊರೆಯಿಂದ ವೋಲ್ಟೇಜು 230ರಿಂದ 180ಕ್ಕೆ ಇಳಿದರೆ, ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ, ಅದು ಶೇಕಡ 61ಕ್ಕೆ ಬೀಳುತ್ತದೆ. ಆಗ ಮೋಟಾರು ಏದುತ್ತ ಹೆಚ್ಚು ಪ್ರವಾಹ ಎಳೆದು, ಕಾದು, ಕೊನೆಗೆ ಕಾಯಿಲು ಸುಟ್ಟುಕೊಳ್ಳುತ್ತದೆ. ಮೋಟಾರನ್ನು ಮೇಲೆತ್ತಿಸಿ ರಿವೈಂಡಿಂಗ್ ಅಂಗಡಿಗೆ ಒಯ್ಯುವ ಖರ್ಚು ಮತ್ತು ಆ ದಿನಗಳಲ್ಲಿ ಒಣಗುವ ಬೆಳೆ ರೈತನ ಪಾಲಿನವು.

ಪಂಪು ಓಡಲು ಮೂರು ಫೇಸುಗಳು ಬೇಕು, ದೀಪಕ್ಕೆ ಒಂದು ಫೇಸ್ ಸಾಕು. ವಿದ್ಯುತ್ ಕೊರತೆಯ ವರ್ಷಗಳಲ್ಲಿ ಮಂಡಳಿಯು ಈ ವ್ಯತ್ಯಾಸವನ್ನೇ ಬಳಸಿಕೊಂಡು ದಿನದ ಕೆಲವು ಗಂಟೆ ಮಾತ್ರ ತ್ರೀ ಫೇಸ್ ಕೊಟ್ಟು, ಉಳಿದ ಹೊತ್ತು ಮನೆಗಳ ದೀಪ ಉರಿಯುವಷ್ಟು ಸಿಂಗಲ್ ಫೇಸ್ ಕೊಡುವ ಏರ್ಪಾಡು ಮಾಡಿತು. ಬೆಳೆ ಉಳಿಸಿಕೊಳ್ಳಲು ಹೆಣಗುತ್ತಿದ್ದ ರೈತರು ಕೆಪಾಸಿಟರ್ ಜೋಡಿಸಿ ಇಲ್ಲದ ಫೇಸನ್ನು ಕೃತಕವಾಗಿ ಹುಟ್ಟಿಸಿಕೊಂಡು ಆ ಹೊತ್ತಿನಲ್ಲೂ ಪಂಪು ಓಡಿಸಿದರು. ಅದರ ಫಲವಾಗಿ ಟಿ.ಸಿ.ಯ ಮೇಲೆ ಅಸಮ ಹೊರೆ ಬಿದ್ದು ಊರಿನ ದೀಪಗಳು ಕೆಂಪಾದವು, ಟಿ.ಸಿ.ಗಳು ಸುಟ್ಟವು. ಒಂದೇ ಮಾರ್ಗಕ್ಕೆ ಜೋಡಿಸಿದ ಮನೆಯ ಬೆಳಕು ಮತ್ತು ಹೊಲದ ನೀರು ಪರಸ್ಪರ ಸ್ಪರ್ಧಿಸಬೇಕಾದ ಈ ಸ್ಥಿತಿಗೆ ಪರಿಹಾರವಾಗಿ ಬಂದದ್ದು, ಕೃಷಿಗೆ ವಿದ್ಯುತ್ ಒಯ್ಯುವ ಮಾರ್ಗವನ್ನು, ಅಂದರೆ ಫೀಡರನ್ನು, ಬೇರ್ಪಡಿಸಿ ಹಳ್ಳಿಯ ಮನೆಗಳಿಗೆ ಪ್ರತ್ಯೇಕ ಮಾರ್ಗ ಎಳೆಯುವ ನಿರಂತರ ಜ್ಯೋತಿ ಯೋಜನೆ. ದೊಡ್ಡಬಳ್ಳಾಪುರದ ನೇಕಾರನ ಮನೆಯಲ್ಲಿ ಎರಡು ಮೀಟರುಗಳು ಮಾಡಿದ ವಿಂಗಡಣೆಯನ್ನು ಇದು ಇಡೀ ಊರಿನ ಮಟ್ಟದಲ್ಲಿ ಮಾಡಿತೆನ್ನಬಹುದು.

ಅಡುಗೆಮನೆ ಮತ್ತು ಬಚ್ಚಲುಮನೆಯ ಹೊರೆ

2002ರ ಜೂನ್‌ನಲ್ಲಿ ವಿತರಣೆಯ ಹೊಣೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಬೆಸ್ಕಾಂಗೆ, ಬಂದ ಹೊತ್ತಿಗೆ ಈ ತಾಲ್ಲೂಕುಗಳ ಸ್ವರೂಪವೇ ಬದಲಾಗತೊಡಗಿತ್ತು. ನೆಲಮಂಗಲದ ದಾಬಸ್‌ಪೇಟೆಯವರೆಗೆ ಕೈಗಾರಿಕೆಗಳು ಹಬ್ಬಿದವು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಬಾಡಿಗೆಯ ಮಹಡಿಗಳು ಎದ್ದವು. ಮನೆಯ ಹೊರೆ ಈಗ ಬೆಳಕಿನಿಂದ ಶಾಖದ ಕಡೆಗೆ ತಿರುಗಿತು. ರಾಜ್ಯದಲ್ಲಿ 2015ರ ಡಿಸೆಂಬರಿನಲ್ಲಿ ಆರಂಭವಾದ ಹೊಸ ಬೆಳಕು ಯೋಜನೆಯ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಹಳೆಯ 60 ವ್ಯಾಟ್‌ನ ಬಲ್ಬಿನ ಜಾಗಕ್ಕೆ ಬಂದು ದೀಪದ ಪಾಲನ್ನು ಕುಗ್ಗಿಸಿದರೆ, ಅದೇ ವರ್ಷಗಳಲ್ಲಿ 2,000 ವ್ಯಾಟ್‌ನ ಗೀಸರು, ಅಷ್ಟೇ ಎಳೆಯುವ ಇಂಡಕ್ಷನ್ ಒಲೆ, 1,000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಮತ್ತು 750 ವ್ಯಾಟ್‌ನ ಮಿಕ್ಸಿ ಮನೆಯನ್ನು ಸೇರಿದವು. ಗೀಸರೊಂದೇ 8.7 ಆಂಪಿಯರ್ ಸೆಳೆಯುತ್ತದೆ. ಅದರೊಡನೆ ಇಂಡಕ್ಷನ್ ಒಲೆಯೂ ಒಂದೇ ಸರ್ಕ್ಯೂಟಿನಲ್ಲಿ ನಡೆದರೆ ಪ್ರವಾಹ 17.4 ಆಂಪಿಯರ್ ಆಗಿ, 16 ಆಂಪಿಯರ್‌ನ ಪವರ್ ಸರ್ಕ್ಯೂಟಿನ ಮಿತಿಯನ್ನು ಮೀರುತ್ತದೆ.

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ನಿಯಮ. ಈ ಕಾರಣದಿಂದ ದೀಪಗಳಿಗೆ 1.5 ಚದರ ಮಿಲಿಮೀಟರ್, ಪವರ್ ಸಾಕೆಟ್ಟುಗಳಿಗೆ 2.5, ಗೀಸರು ಮತ್ತು ಏಸಿಯಂಥ ಭಾರದ ಉಪಕರಣಗಳಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಪ್ರತ್ಯೇಕ ಸರ್ಕ್ಯೂಟುಗಳಲ್ಲಿ ಎಳೆಯುವ ಪದ್ಧತಿ ನೆಲೆಗೊಂಡಿತು. ಕಿಟ್‌ಕ್ಯಾಟ್ ಫ್ಯೂಸಿನ ಜಾಗಕ್ಕೆ, ಮಿತಿ ಮೀರಿದಾಗ ತಾನಾಗಿ ಬೀಳುವ ಎಂಸಿಬಿ ಬಂದಿತು. ಫ್ಯೂಸು ಮತ್ತೆ ಮತ್ತೆ ಹಾರುತ್ತದೆಂದು ಅದಕ್ಕೆ ದಪ್ಪ ತಾಮ್ರದ ಎಳೆ ಕಟ್ಟುವ ಅಪಾಯಕಾರಿ ಅಭ್ಯಾಸಕ್ಕೆ ಎಂಸಿಬಿ ತಡೆಯೊಡ್ಡಿತು; ಆ ಅಭ್ಯಾಸದಲ್ಲಿ ಕರಗಬೇಕಾದ ಎಳೆ ಉಳಿದು, ಗೋಡೆಯೊಳಗಿನ ತಂತಿ ಸುಡುತ್ತಿತ್ತು. ಲೋಹದ ಮೈಗೆ ವಿದ್ಯುತ್ ಸೋರಿದಾಗ ಅದನ್ನು ನೆಲಕ್ಕೆ ಒಯ್ಯುವ ಅರ್ತಿಂಗ್ ತಂತಿಯೂ, 30 ಮಿಲಿಆಂಪಿಯರ್‌ನಷ್ಟು ಸೋರಿಕೆಯನ್ನೇ ಗುರುತಿಸಿ ಸಂಪರ್ಕ ಕಡಿಯುವ ಆರ್‌ಸಿಸಿಬಿಯೂ ಜೀವ ಉಳಿಸುವ ಸಾಧನಗಳು; ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ.

2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಮನೆಯ ಹಿಂದಿನ ವರ್ಷದ ಸರಾಸರಿಗೆ ಶೇಕಡ ಹತ್ತನ್ನು ಸೇರಿಸಿ, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತವಾಗಿ ಕೊಡುವ ನಿಯಮದೊಂದಿಗೆ ಆರಂಭವಾಯಿತು. ಭಾಗ್ಯಜ್ಯೋತಿಯ 18 ಯೂನಿಟ್‌ನಿಂದ ಈ 200ರವರೆಗಿನ ದೂರವೇ ನಾಲ್ಕು ದಶಕಗಳಲ್ಲಿ ಮನೆಯ ಬೇಡಿಕೆ ಎಷ್ಟು ಬೆಳೆಯಿತೆಂಬುದಕ್ಕೆ ಸಾಕ್ಷಿ. ಆದರೆ ಯೂನಿಟ್ ಎಂಬುದು ತಿಂಗಳ ಮೊತ್ತ, ಹೊರೆ ಎಂಬುದು ಒಂದು ಗಳಿಗೆಯ ಭಾರ. 200 ಯೂನಿಟ್‌ನ ಒಳಗೇ ಇರುವ ಮನೆಯೂ ಬೆಳಗಿನ ಅರ್ಧ ಗಂಟೆಯಲ್ಲಿ ತನ್ನ ತಂತಿಯ ಶಕ್ತಿಯನ್ನು ಮೀರಬಲ್ಲದು. ಬಿಲ್ಲಿನ ಭಯ ಕಡಿಮೆಯಾದ ಮನೆಯಲ್ಲಿ ಈ ಎರಡನೆಯ ಲೆಕ್ಕದ ಅಗತ್ಯ ಇನ್ನೂ ಹೆಚ್ಚು.

ಈ ಜಿಲ್ಲೆಯ ಅನುಭವದಿಂದ ಹೊರಡುವ ತೀರ್ಮಾನ ಇದು: ಯಾವುದೇ ಮನೆಯ ವೈರಿಂಗು ಅದನ್ನು ಹಾಕಿದ ಕಾಲದ ಬದುಕಿನ ಅಂದಾಜಾಗಿರುತ್ತದೆ, ಬದುಕು ಬೆಳೆದಾಗ ಆ ಅಂದಾಜನ್ನು ತಿದ್ದದೆ ಬಿಟ್ಟರೆ ಅದರ ಬೆಲೆಯನ್ನು ಸುಟ್ಟ ಮೋಟಾರಿನಲ್ಲೋ ಬೆಂಕಿ ಹತ್ತಿದ ಗೋಡೆಯಲ್ಲೋ ತೆರಬೇಕಾಗುತ್ತದೆ. ಸರ್ಕಾರಗಳು ಯೂನಿಟ್ಟುಗಳನ್ನು ಉದಾರವಾಗಿ ಕೊಟ್ಟಿವೆ. ಹಳೆಯ ತಂತಿಯ ತಪಾಸಣೆ, ಬಡವರ ಮನೆಗೆ ಅರ್ತಿಂಗ್ ಮತ್ತು ಆರ್‌ಸಿಸಿಬಿ, ಮಂಜೂರಾದ ಲೋಡನ್ನು ಸುಲಭವಾಗಿ ಏರಿಸಿಕೊಳ್ಳುವ ಅವಕಾಶಗಳಿಗೂ ಅಷ್ಟೇ ಉದಾರತೆ ಸಲ್ಲಬೇಕು. ಯಾವ ಮೋಟಾರನ್ನು ಮೊದಲು ಹಾಕಬೇಕು, ಯಾವುದನ್ನು ಆಮೇಲೆ ಹಾಕಬೇಕು ಎಂದು ದೊಡ್ಡಬಳ್ಳಾಪುರದ ನೇಕಾರರು ದುಡಿಮೆಯಲ್ಲೇ ಕಲಿತ ಪಾಠವನ್ನು ಗೀಸರು, ಒಲೆ ಮತ್ತು ವಿದ್ಯುತ್ ಸ್ಕೂಟರುಗಳಿರುವ ಇಂದಿನ ಮನೆಗಳಿಗೆ ಶಾಲೆಯ ಮೂಲಕವೂ ವಿತರಣಾ ಸಂಸ್ಥೆಯ ಮೂಲಕವೂ ತಲುಪಿಸುವುದು, ಒಂದು ಶತಮಾನದ ಹಿಂದೆ ಕಂಬ ನೆಡುವುದರಿಂದ ಆರಂಭವಾದ ಕೆಲಸದ ಉಳಿದ ಭಾಗ.